ಆಣೆ ಮುರಿದ ಟಾಮ್ ದ್ರೋಹಿಯೇ?

ಕಾರಟಗಿಯ ಅಕ್ಕಾರೇ, ನಮಸ್ಕಾರ.

ಎಡದಂಡೆ ಕಾಲುವೆಗೆ ನೀರು ಬಿಟ್ಟಾಗಿನಿಂದ ನಿಮ್ಮ ಮಗನ ಜೀವದ ಗೆಳೆಯ ಸ್ಕೂಲು ತಪ್ಪಿಸಿ ಈಜಲು ಹೋಗುತ್ತಿದ್ದ. ‘ಯಾರಿಗೂ ಹೇಳಲ್ಲ, ಅವ್ವನಾಣೆ’ ಅಂದಿದ್ದ ನಿಮ್ಮ ಮಗ ತಡೆಯಲಾರದೆ ನಿಮಗೆ ಹೇಳಿದ. ನೀವು ಅವರ ಮನೆಗೆ ಹೇಳಿದಿರಿ. ಆ ಹುಡುಗನಿಗೆ ಏಟು ಬಿತ್ತು, ಈಗ ಟೂ ಬಿಟ್ಟಿದ್ದಾನೆ. ಇದೇ ಹೊತ್ತಿಗೆ ನಿಮ್ಮ ಮಗ ಟಾಮ್ ಸಾಯರ್ ಕಾದಂಬರಿ ಓದಿ, ‘ಟಾಮ್ ಕೂಡ ಆಣೆ ಮುರಿದ. ಅವನೂ ದ್ರೋಹಿನೇ ಅಲ್ವಾ?’ ಎಂದು ಕೇಳಿದ್ದಾನೆ. ಏನು ಹೇಳಲಿ ಎಂದು ಬರೆದಿದ್ದೀರಿ.

ದ್ರೋಹಿ ಅಲ್ಲ ಎಂದು ಧೈರ್ಯವಾಗಿ ಹೇಳಿ. ಆದರೆ ಅಷ್ಟಕ್ಕೇ ಬಿಡಬೇಡಿ.

ಮಾರ್ಕ್ ಟ್ವೇನ್ 1876ರಲ್ಲಿ ಪ್ರಕಟಿಸಿದ ಈ ಕಥೆಯಲ್ಲಿ ಟಾಮ್ ಮತ್ತು ಅವನ ಗೆಳೆಯ ಹಕ್ ನಡುರಾತ್ರಿ ಸ್ಮಶಾನದಲ್ಲಿ ಒಂದು ಕೊಲೆ ನೋಡುತ್ತಾರೆ. ಕೊಂದವನು ಜೋ ಎಂಬ ದುಷ್ಟ. ಸಿಕ್ಕಿಬೀಳುವವನು ಕುಡಿದ ಅಮಲಿನಲ್ಲಿ ಏಟು ತಿಂದು ಪ್ರಜ್ಞೆ ತಪ್ಪಿದ್ದ ಬಡಪಾಯಿ ಮಫ್ ಪಾಟರ್. ಹುಡುಗರು ಬಾಯಿ ಬಿಡುವುದಿಲ್ಲ ಎಂದು ಹಲಗೆ ಚೂರಿನ ಮೇಲೆ ಬರೆದು, ಬೆರಳು ಚುಚ್ಚಿಕೊಂಡು ರಕ್ತದಲ್ಲಿ ಸಹಿ ಹಾಕುತ್ತಾರೆ. ಹಕ್‌ಗೆ ಅಕ್ಷರ ಬಾರದು. ತನ್ನ ಹೆಸರಿನ ಎರಡಕ್ಷರ ಬರೆಯುವುದನ್ನು ಟಾಮ್‌ನಿಂದಲೇ ಆಗ ಕಲಿಯುತ್ತಾನೆ.

ಆ ಆಣೆ ಹುಟ್ಟಿದ್ದು ಭಯದಿಂದ. ಅದರ ಬೆಲೆ ತೆರಬೇಕಾದವನು ಮಾತ್ರ ಮೂರನೆಯವನು. ಹುಡುಗರು ಜೈಲಿನ ಕಿಟಕಿಗೆ ಹೋಗಿ ಪಾಟರ್‌ಗೆ ತಂಬಾಕು, ಬೆಂಕಿಕಡ್ಡಿ ಕೊಟ್ಟು ಬರುತ್ತಾರೆ. ನಿಮ್ಮ ಕೈ ಸಣ್ಣವು, ಕಂಬಿಯೊಳಗೆ ತೂರುತ್ತವೆ, ಒಮ್ಮೆ ಮುಟ್ಟುತ್ತೇನೆ ಎಂದು ಆತ ಬೇಡುತ್ತಾನೆ. ತನಗೆ ಗಲ್ಲು ತಪ್ಪಿಸಬಲ್ಲವರು ಇವರೇ ಎಂದು ಅವನಿಗೆ ಗೊತ್ತಿಲ್ಲ! ಇಷ್ಟು ಓದಿದ ಮೇಲೂ ಟಾಮ್ ಸುಮ್ನೆ ಇರಬೇಕಿತ್ತು ಎನ್ನಲು ನನ್ನಿಂದಾಗದು.

ನನ್ನ ತಕರಾರು ಬೇರೆ. ಪಾಟರ್‌ನ ವಿಚಾರಣೆಗೆ ಸ್ವಲ್ಪ ಮುಂಚೆ ಇಬ್ಬರೂ ಮತ್ತೊಮ್ಮೆ ಆಣೆ ಮಾಡಿರುತ್ತಾರೆ. ಆಮೇಲೆ ಟಾಮ್ ಹಕ್‌ಗೆ ತಿಳಿಸದೆ ರಾತ್ರಿ ಪಾಟರ್‌ನ ವಕೀಲರ ಮನೆಗೆ ಹೋಗಿ ಕಂಡದ್ದನ್ನು ಹೇಳುತ್ತಾನೆ. ಕೋರ್ಟಿನಲ್ಲಿ ಸಾಕ್ಷಿ ಹೇಳುವಾಗ ಜೊತೆಗಾರನ ಹೆಸರೂ ಬಾಯಿಗೆ ಬರುತ್ತದೆ, ವಕೀಲರು ತಡೆಯುತ್ತಾರೆ. ಅಷ್ಟರಲ್ಲಿ ಜೋ ಕಿಟಕಿ ಹಾರಿ ಪರಾರಿ. ಟಾಮ್‌ಗಾದರೂ ಪಾಲಿ ಚಿಕ್ಕಮ್ಮನ ಮನೆ ಇದೆ. ಹಕ್ ಖಾಲಿ ಪೀಪಾಯಿಯಲ್ಲಿ ಮಲಗುವವನು. ಚಿಲಕ ಹಾಕಿಕೊಳ್ಳಲು ಅವನಿಗೆ ಬಾಗಿಲೇ ಇಲ್ಲ. ಅಪಾಯ ಇಬ್ಬರಿಗೂ ಒಂದೇ ಆಗಿರಲಿಲ್ಲ. ಮನುಷ್ಯರ ಮೇಲೆ ಹಕ್‌ಗಿದ್ದ ನಂಬಿಕೆಯೇ ಹೆಚ್ಚುಕಡಿಮೆ ಹೋಯಿತು ಎಂದು ಟ್ವೇನ್ ಬರೆಯುತ್ತಾರೆ. ‘ನನಗೆ ತಡೆಯೋಕಾಗ್ತಿಲ್ಲ, ಹೇಳಿಬಿಡ್ತೀನಿ’ ಎಂದು ಟಾಮ್ ಅವನಿಗೆ ಮೊದಲೇ ಹೇಳಬೇಕಿತ್ತು.

ನಿಮ್ಮ ಮಗ ಮಾಡಿದ್ದು ಸರಿ. ತುಂಬಿ ಹರಿಯುವ ಕಾಲುವೆಯ ಸೆಳೆತ ನಿಮಗೆ ಗೊತ್ತೇ ಇದೆ. ಕಾಂಕ್ರೀಟ್ ಇಳಿಜಾರಿಗೆ ಪಾಚಿ ಕಟ್ಟಿದರೆ ಈಜು ಬಂದವರಿಗೂ ಮೇಲೆ ಹತ್ತಲು ಹಿಡಿತ ಸಿಗುವುದಿಲ್ಲ. ಉಳಿದಿರುವುದು ಒಂದೇ ಕೆಲಸ. ಅವನೇ ಗೆಳೆಯನ ಮನೆಗೆ ಹೋಗಲಿ. ‘ಹೇಳಿದ್ದು ನಾನೇ. ನೀನು ಮುಳುಗ್ತೀಯ ಅಂತ ಹೆದರಿಕೆಯಾಯ್ತು’ ಅನ್ನಲಿ. ನೀವು ಜೊತೆಗೆ ಹೋಗಿ, ಆದರೆ ಹೊರಗೇ ನಿಂತಿರಿ. ಆ ಹುಡುಗನ ಅವ್ವನಿಗೆ ಇನ್ನು ಹೊಡೆಯಬೇಡಿ ಅನ್ನುವ ಮಾತು ಮಾತ್ರ ನೀವೇ ಹೇಳಬೇಕು. ಅವನು ಅಂದೇ ಮಾತಾಡದಿದ್ದರೆ ಒತ್ತಾಯ ಬೇಡ, ಏಟು ತಿಂದವನು ಅವನು.

ಇನ್ನೊಂದು. ಮಗ ಓದಿದ್ದು ಸಂಕ್ಷಿಪ್ತ ಪುಸ್ತಕವಾಗಿದ್ದರೆ ಮೂಲದ 29ನೇ ಅಧ್ಯಾಯದ ಕಥೆ ಅವನಿಗೆ ಹೇಳಿ. ಅಲ್ಲಿ ಜೋ ವಿಧವೆ ಡಗ್ಲಸ್‌ಗೆ ಹಾನಿ ಮಾಡಲು ಹೊರಟಿರುತ್ತಾನೆ. ಆಗ ಕತ್ತಲಲ್ಲಿ ಓಡಿಹೋಗಿ ನೆರೆಮನೆಯ ಮುದುಕನ ಬಾಗಿಲು ಬಡಿದು ಸುದ್ದಿ ಮುಟ್ಟಿಸುವವನು ಹಕ್. ನನ್ನ ಹೆಸರು ಹೇಳಬೇಡಿ ಎಂದು ಅಂಗಲಾಚುತ್ತಾನೆ, ಆದರೂ ಹೇಳುತ್ತಾನೆ. ಮುಂದೆ ನಿಧಿ ಹುಡುಕಲು ಗುಹೆಗೆ ಹೋಗುವಾಗ ಟಾಮ್ ಕರೆದುಕೊಂಡು ಹೋಗುವುದು ಇವನನ್ನೇ.

– ಸಂ.