ಬಣ್ಣದ ಕಾರಣಕ್ಕೆ ಅವಮಾನ ನುಂಗಿ ಗೆದ್ದ ಆಟಗಾರನ ಸಿನಿಮಾ ಒಂದೇ ಒಂದು ನೋಡೋದಾದ್ರೆ ಯಾವುದು?

‘ರೇಸ್’ ನೋಡಿ. ಸೈಫ್ ಅಲಿ ಖಾನ್‌ದಲ್ಲ ರೀ, 2016ರಲ್ಲಿ ಬಂದ ಇಂಗ್ಲಿಷ್ ಸಿನಿಮಾ. ಬರೀ ಹೆಸರು ಹಾಕಿ ಹುಡುಕಿದರೆ ಮೊದಲು ಹಿಂದಿಯದೇ ಬರುತ್ತೆ, ವರ್ಷವನ್ನೂ ಸೇರಿಸಿ. ಅಮೆರಿಕದ ಓಟಗಾರ ಜೆಸ್ಸಿ ಓವೆನ್ಸ್ ಕಥೆ ಅದು. ಹಿಟ್ಲರ್‌ನ ಬರ್ಲಿನ್‌ನಲ್ಲಿ, 1936ರ ಒಲಿಂಪಿಕ್ಸ್‌ನಲ್ಲಿ, ನಾಲ್ಕು ಚಿನ್ನ ಗೆದ್ದವನು. 100 ಮೀಟರ್, 200 ಮೀಟರ್, ಉದ್ದ ಜಿಗಿತ, ರಿಲೇ.

ನಾನಿದನ್ನು ನೋಡಿದ್ದು ಬೆಳಗಾವಿಯಲ್ಲಿ ಓದುವಾಗ, ರೂಮಿನ ಗೆಳೆಯನ ಜೊತೆ. ಅವನು ಖಾನಾಪುರ ತಾಲೂಕಿನ ಸಿದ್ದಿ ಹುಡುಗ. ಅವರ ಹಿರಿಯರನ್ನು ಆಫ್ರಿಕಾದಿಂದ ತಂದು ನೂರಾರು ವರ್ಷ ಆಗಿದೆ. ಆದರೂ ಒಮ್ಮೆ ಇಬ್ಬರೂ ಅವನ ಊರಿಗೆ ಹೊರಟಾಗ ಕಂಡಕ್ಟರ್ ಅವನ ಮುಖ ನೋಡಿ “ವೇರ್ ಗೋಯಿಂಗ್?” ಅಂದ. ಇವನು “ನಂದಗಡಕ್ಕ ಎರಡು ಕೊಡ್ರಿ, ಚಿಲ್ಲರ ಐತಿ” ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಇವನೂ ನಕ್ಕ. ಇಳಿದ ಮೇಲೆ ಮನೆ ಮುಟ್ಟೋವರೆಗೂ ಒಂದು ಮಾತಾಡಲಿಲ್ಲ.

ಸಿನಿಮಾದಲ್ಲಿ ಒಂದು ಕಡೆ ಬಟ್ಟೆ ಬದಲಿಸೋ ಕೋಣೆಯಲ್ಲಿ ಬಿಳಿ ಹುಡುಗರು ಕೂಗಾಡಿ ಹಂಗಿಸ್ತಾರೆ. ಕೋಚ್ ಮಾತ್ರ ಆ ಗಲಾಟೆ ಕೇಳಿಸದವನ ಹಾಗೆ ಓವೆನ್ಸ್‌ಗೆ ಪಾಠ ಹೇಳ್ತಾನೇ ಇರ್ತಾನೆ. ನಿಧಾನಕ್ಕೆ ಕೂಗೆಲ್ಲ ಅಡಗಿ ಕೋಚ್‌ನ ದನಿ ಒಂದೇ ಉಳಿಯುತ್ತೆ. ಗೆಳೆಯ ಅದನ್ನು ಹಿಂದಕ್ಕೆ ಹಾಕಿಸಿ ಮೂರು ಸಲ ನೋಡಿದ. ಆಗಿನ ಒಲಿಂಪಿಕ್ಸ್‌ನಲ್ಲಿ ಸ್ಟಾರ್ಟಿಂಗ್ ಬ್ಲಾಕ್ ಇರಲಿಲ್ಲ. ಓಟಗಾರರು ಕಾಲಿಡೋಕೆ ತಾವೇ ಟ್ರ್ಯಾಕಿನಲ್ಲಿ ಕೈಸಲಿಕೆಯಿಂದ ಪುಟ್ಟ ಕುಳಿ ತೋಡ್ಕೋಬೇಕಿತ್ತು. ಆ ಸಲಿಕೆ ನೋಡಿ “ಇದು ನಮ್ಮವ್ವ ಕಸಾ ತಗ್ಯೋ ಕುರ್ಪಿನ ಅಲ್ಲೇನೋ” ಅಂದ.

ಕುಂದು ಇಲ್ಲ ಅಂತಲ್ಲ. ಎರಡು ಗಂಟೆಗಿಂತ ಜಾಸ್ತಿ ಇದೆ, ಒಲಿಂಪಿಕ್ಸ್ ಕಮಿಟಿಯವರ ಮಾತುಕತೆ ಎಳೆದಾಡಿದ್ದಾರೆ. ಉದ್ದ ಜಿಗಿತದಲ್ಲಿ ಜರ್ಮನಿಯ ಲುಟ್ಸ್ ಲಾಂಗ್ ಸಹಾಯ ಮಾಡೋ ಕಥೆ ಓವೆನ್ಸ್ ತಾನೇ ಹೇಳಿಕೊಂಡು ಬಂದಿದ್ದು, ಇತಿಹಾಸ ಬರೆದವರೆಲ್ಲ ಅದನ್ನು ಒಪ್ಪಲ್ಲ. ಇಬ್ಬರ ಸ್ನೇಹ ಮಾತ್ರ ನಿಜ. ರಿಲೇಯಿಂದ ಇಬ್ಬರು ಯಹೂದಿ ಓಟಗಾರರನ್ನು ಕೊನೇ ಗಳಿಗೆಯಲ್ಲಿ ಕೈಬಿಟ್ಟಿದ್ದನ್ನೂ ಮುಚ್ಚಿಟ್ಟಿಲ್ಲ, ಅದು ನನಗೆ ಹಿಡಿಸಿತು.

ನಮ್ಮಲ್ಲೂ ಇಂಥ ಸಿನಿಮಾಕ್ಕೆ ಕಥೆಗೇನು ಬರ ಇಲ್ಲ. ಸಿದ್ದಿ ಮಕ್ಕಳನ್ನು ಆರಿಸಿ ತಯಾರು ಮಾಡೋ ಸರ್ಕಾರದ ಯೋಜನೆ 1980ರ ದಶಕದಲ್ಲಿ ಶುರುವಾಗಿತ್ತು. ಹರ್ಡಲ್ಸ್ ಓಡಿದ ಕಮಲಾ ಸಿದ್ದಿ ಅಲ್ಲಿಂದಲೇ ಬಂದವರು. ಕೆಲವೇ ವರ್ಷಕ್ಕೆ ಅದು ನಿಂತೂ ಹೋಯಿತು.

ಸಿನಿಮಾದ ಕೊನೆ ಬರ್ಲಿನ್‌ನಲ್ಲಲ್ಲ, ನ್ಯೂಯಾರ್ಕ್‌ನ ಹೋಟೆಲ್ ಬಾಗಿಲಲ್ಲಿ. ಒಳಗೆ ನಡೀತಿರೋದು ಅವನದೇ ಸನ್ಮಾನ. ಆದರೂ ಮುಂದಿನ ಬಾಗಿಲಿಂದ ಬಿಡಲ್ಲ, ಕೆಲಸದವರ ಬಾಗಿಲಿಂದ ಹೋಗು ಅಂತಾರೆ. ಇದು ಕಟ್ಟಿದ ಕಥೆಯಲ್ಲ, ನಿಜವಾಗಿಯೂ ಅವನು ಸಾಮಾನು ಸಾಗಿಸೋ ಲಿಫ್ಟ್‌ನಲ್ಲಿ ಮೇಲೆ ಹೋಗಿದ್ದ.

ಮುಗಿದ ಮೇಲೆ ಲ್ಯಾಪ್‌ಟಾಪ್ ಮುಚ್ಚಿ ಗೆಳೆಯ ಸುಮ್ನೆ ಕೂತಿದ್ದ. ಆಮೇಲೆ ಕೇಳಿದ: “ಅವತ್ತ ಬಸ್ಸಿನ್ಯಾಗ ನೀನೂ ನಕ್ಕಿದ್ದಿ, ಹೌದಿಲ್ಲೋ?”

ನಕ್ಕಿದ್ದೆ.