12 ದಿಕ್ಕಿನ ಲೆಕ್ಕ, ಶೇ. 2 ನಷ್ಟ: ಈ ಲೇಔಟ್ ನಂಬಬಹುದೇ?

ನಿಮ್ಮ ಪ್ರಶ್ನೆ ಇಷ್ಟು: ಹೊಸನಗರದ ಕಡೆಯ ಗುಡ್ಡದ ಮೇಲೆ 100 ಮೀ. ರೋಟರ್‌ನ 20 ಗಾಳಿಯಂತ್ರ ಕೂರಿಸುವ ಕಾಲೇಜು ಪ್ರಾಜೆಕ್ಟ್. ವೇಕ್ (ಮುಂದಿನ ಯಂತ್ರದ ಹಿಂದೆ ಉಳಿಯುವ ನಿಧಾನದ ಗಾಳಿ) ಲೆಕ್ಕಕ್ಕೆ ಜೆನ್ಸನ್ ಮಾದರಿ, ಗಾಳಿಗೆ 12 ದಿಕ್ಕು, ಜಾಗ ಹುಡುಕಲು ಜೆನೆಟಿಕ್ ಅಲ್ಗಾರಿದಮ್ (ಒಳ್ಳೆಯ ಲೇಔಟ್‌ಗಳನ್ನು ಬೆರೆಸಿ, ಬದಲಿಸಿ ಇನ್ನೂ ಒಳ್ಳೆಯದನ್ನು ಹುಡುಕುವ ವಿಧಾನ). ವೇಕ್ ನಷ್ಟ ಬರೀ ಶೇ. 2 ಬಂದಿದೆ, ಗೈಡ್ ಒಪ್ಪುತ್ತಿಲ್ಲ.

ಗೈಡ್ ಅನುಮಾನ ಸರಿಯಾಗಿಯೇ ಇದೆ. ಬೇಲಿಯಲ್ಲಿ ಕಂಡಿ ಇದ್ದರೆ ದನ ನುಗ್ಗದೆ ಇರುತ್ತದೆಯೇ? ನಿಮ್ಮ ಫಿಟ್ನೆಸ್ ಲೆಕ್ಕದಲ್ಲಿ, ಅಂದರೆ ಲೇಔಟ್‌ಗೆ ಅಂಕ ಕೊಡುವ ಲೆಕ್ಕದಲ್ಲಿ, ಅಂಥ ಕಂಡಿಯಿದೆ, ಅಲ್ಗಾರಿದಮ್ ಅದರೊಳಗೆ ನುಗ್ಗಿದೆ.

ಲೆಕ್ಕ ಹಾಕಿ ನೋಡಿ. ಥ್ರಸ್ಟ್ ಗುಣಾಂಕ (ಯಂತ್ರ ಗಾಳಿಯನ್ನು ಎಷ್ಟು ತಡೆಯುತ್ತದೆ ಎಂಬುದು) 0.8, ವೇಕ್ ಹರಡುವ ಗುಣಾಂಕ 0.075 ಇಟ್ಟರೆ, 500 ಮೀ. ಹಿಂದೆ ನೇರ ಸಾಲಿನಲ್ಲಿರುವ ಯಂತ್ರಕ್ಕೆ ಗಾಳಿಯ ವೇಗ ಶೇ. 18 ಕಡಿಮೆ. ವಿದ್ಯುತ್ತು ವೇಗದ ಘನಕ್ಕೆ ಹೋಗುವುದರಿಂದ, ಯಂತ್ರ ಪೂರ್ಣ ಸಾಮರ್ಥ್ಯ ಮುಟ್ಟದ ವೇಗಗಳಲ್ಲಿ ಶೇ. 45ರಷ್ಟು ಉತ್ಪಾದನೆ ಹೋಯಿತು. 1000 ಮೀ. ದೂರದಲ್ಲೂ ಶೇ. 24 ಹೋಗುತ್ತದೆ. ಆದರೆ ಆ ದೂರದಲ್ಲಿ ವೇಕ್‌ನ ಅರ್ಧ ಅಗಲ 125 ಮೀ.; ರೋಟರ್ ತ್ರಿಜ್ಯದ 50 ಸೇರಿಸಿದರೆ 175 ಮೀ., ಅಂದರೆ ಎರಡೂ ಬದಿಗೆ ಹತ್ತು ಹತ್ತು ಡಿಗ್ರಿ. ನೀವು ಗಾಳಿ ಬೀಸಿಸಿದ್ದು 30 ಡಿಗ್ರಿಗೊಮ್ಮೆ. ನಡುವೆ ಹತ್ತು ಡಿಗ್ರಿ ಅಗಲದ ಪಟ್ಟಿಗೆ ಯಾವ ವೇಕೂ ತಾಗುವುದಿಲ್ಲ. ಹಿಂದಿನ ಯಂತ್ರಗಳೆಲ್ಲ ಅಲ್ಲಿಗೆ ಹೋಗಿ ಕೂತಿರುತ್ತವೆ. ಮುಂಗಾರಿನಲ್ಲಿ ಪಡುವಣ, ನೈಋತ್ಯದ ಗಾಳಿಯೇ ಹೆಚ್ಚಾದ್ದರಿಂದ ಒಂದೆರಡು ದಿಕ್ಕನ್ನು ತಪ್ಪಿಸಿಕೊಂಡರೂ ಅಂಕ ಸಿಕ್ಕಿಬಿಡುತ್ತದೆ.

ಹಾಗಾಗಿ ಮೊದಲು ಇದೇ ಲೇಔಟನ್ನು 1 ಡಿಗ್ರಿಗೊಮ್ಮೆ, 360 ದಿಕ್ಕಿನಲ್ಲಿ ಮತ್ತೆ ಅಳೆಯಿರಿ. ನಷ್ಟ ಏಕದಂ ಏರಿದರೆ ಕಾರಣ ಇದೇ. ಆಮೇಲೆ 5 ಡಿಗ್ರಿ ಅಂತರದಲ್ಲಿ, ಪ್ರತಿ ದಿಕ್ಕಿಗೂ ವೇಗದ ಹಂಚಿಕೆ ಕೊಟ್ಟು ಹೊಸದಾಗಿ ಓಡಿಸಿ. ನಿಧಾನವಾಯಿತೆಂದು ಹೆದರಬೇಡಿ: ಗ್ರಿಡ್‌ನಲ್ಲಿ 100 ಚೌಕವಿದ್ದರೆ, ಪ್ರತಿ ಜೋಡಿ ಚೌಕಕ್ಕೆ ಜ್ಯಾಮಿತಿಯ ಭಾಗವನ್ನು 72 ದಿಕ್ಕಿಗೂ ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳಿ. 7,20,000 ಸಂಖ್ಯೆ, 6 ಎಂಬಿಯೊಳಗೇ ಮುಗಿಯಿತು. ಥ್ರಸ್ಟ್ ವೇಗದ ಮೇಲೆ ನಿಂತಿದೆ, ಅದನ್ನು ಗಾಳಿ ಬರುವ ಕಡೆಯ ಯಂತ್ರದಿಂದ ಕ್ರಮವಾಗಿ ಹಾಕಬೇಕು.

ಕೋಡ್ ಸರಿಯಿದೆಯೇ ಎಂಬುದಕ್ಕೆ ಹಳೆಯ ಪರೀಕ್ಷೆಯೊಂದಿದೆ. ಮೊಸೆಟ್ಟಿ ತಂಡ 1994ರಲ್ಲಿ ಇಟ್ಟ ಲೆಕ್ಕ: 2 ಕಿ.ಮೀ. ಚೌಕ, 200 ಮೀ. ಕೋಶ, 40 ಮೀ. ರೋಟರ್, ಒಂದೇ ದಿಕ್ಕಿನ 12 ಮೀ./ಸೆ. ಗಾಳಿ. ಗ್ರೇಡಿ ತಂಡ 2005ರಲ್ಲಿ 30 ಯಂತ್ರಗಳಿಗೆ ಸುಮಾರು 14,310 ಕಿಲೋವ್ಯಾಟ್, ಶೇ. 92 ದಕ್ಷತೆ (ವೇಕ್ ಇಲ್ಲದಿದ್ದರೆ ಬರುತ್ತಿದ್ದುದರ ಪಾಲು) ಪಡೆಯಿತು. ನಿಮ್ಮ ಕೋಡ್ ಅಲ್ಲಿಗೆ ಬರದಿದ್ದರೆ ಗುಡ್ಡದ ಮಾತು ಆಮೇಲೆ.

ಕ್ರಾಸ್‌ಓವರ್‌ನಲ್ಲಿ ಎರಡು ಲೇಔಟ್ ಬೆರೆಸುವಾಗ ಸೊನ್ನೆ-ಒಂದರ ಸಾಲನ್ನು (ಚೌಕದಲ್ಲಿ ಯಂತ್ರವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ) ಮಧ್ಯೆ ಕತ್ತರಿಸಿದರೆ 20 ಯಂತ್ರ 17 ಆಗುತ್ತದೆ, 23 ಆಗುತ್ತದೆ. ಬದಲಿಗೆ ನಕ್ಷೆಯ ಮೇಲೆ ಯಾವುದೋ ಕೋನದಲ್ಲಿ ಗೆರೆ ಎಳೆದು, ಎಡಗಡೆಯ ಯಂತ್ರಗಳನ್ನು ಒಂದು ಪೋಷಕದಿಂದ, ಬಲಗಡೆಯವನ್ನು ಇನ್ನೊಂದರಿಂದ ತೆಗೆದುಕೊಳ್ಳಿ, ಸಂಖ್ಯೆ ಸರಿಪಡಿಸಿ. ಮ್ಯುಟೇಶನ್ ಎಂದರೆ ಒಂದು ಯಂತ್ರವನ್ನು ಖಾಲಿ ಚೌಕಕ್ಕೆ ಎತ್ತಿಡುವುದು, ಅಷ್ಟೇ. 100 ಲೇಔಟ್‌ಗಳ ಗುಂಪು, ಅತ್ಯುತ್ತಮ ಎರಡನ್ನು ಉಳಿಸುವುದು ಆರಂಭಕ್ಕೆ ಸಾಕು.

ಮಲೆನಾಡಿನ ತೊಡಕು ಬೇರೆಯೇ. ಜೆನ್ಸನ್ ಮಾದರಿ ಮಟ್ಟಸ ನೆಲಕ್ಕೆ ಮಾಡಿದ್ದು. ಗುಡ್ಡದ ನೆತ್ತಿಯಲ್ಲಿ ವೇಗ ಶೇ. 10 ಹೆಚ್ಚಿದ್ದರೆ ಶಕ್ತಿ ಶೇ. 33 ಹೆಚ್ಚು, ವೇಕ್ ತಪ್ಪಿಸಲೆಂದು ಯಂತ್ರವನ್ನು ಕಣಿವೆಗೆ ಇಳಿಸಿದರೆ ದಕ್ಷತೆ ಚೆಂದ ಕಾಣುತ್ತದೆ, ಯೂನಿಟ್ ಕಡಿಮೆಯಾಗುತ್ತದೆ. ಆದ್ದರಿಂದ ಫಿಟ್ನೆಸ್‌ಗೆ ದಕ್ಷತೆ ಹಾಕಬೇಡಿ, ವಾರ್ಷಿಕ ಯೂನಿಟ್ ಹಾಕಿ. ಪ್ರತಿ ಚೌಕಕ್ಕೂ ಅದರದೇ ಗಾಳಿಯ ವೇಗ ಕೊಡಿ. 15 ಮೀ. ಮರಗಳ ಕಾನಿದ್ದರೆ ನೆಲಮಟ್ಟವನ್ನು ಸುಮಾರು 10 ಮೀ. ಮೇಲೆ ಎಂದೇ ಎಣಿಸಿ. ಅರಣ್ಯ, ತೋಟ, ಮನೆಗಳಿರುವ ಚೌಕಗಳನ್ನು ದಂಡ ಹಾಕಿ ಬಿಡುವ ಬದಲು ಪಟ್ಟಿಯಿಂದಲೇ ತೆಗೆಯಿರಿ. ದಂಡ ಚಿಕ್ಕದಾದರೆ ಅಲ್ಗಾರಿದಮ್ ದಂಡ ಕಟ್ಟಿ ಅಲ್ಲೇ ಕೂರುತ್ತದೆ!

ಕೊನೆಗೆ ಗೈಡ್ ಮುಂದೆ ಇಡಬೇಕಾದದ್ದು ಒಂದೇ ಓಟದ ಫಲಿತಾಂಶವಲ್ಲ. ಯಾದೃಚ್ಛಿಕ ಆರಂಭದ ಸಂಖ್ಯೆ (ಸೀಡ್) ಬದಲಿಸಿ ಓಡಿಸಿದ 20 ಓಟಗಳ ಸರಾಸರಿ ಮತ್ತು ಹರವು, ಅಷ್ಟೇ ಸಲ ಲೆಕ್ಕ ಹಾಕಿದ ಯಾದೃಚ್ಛಿಕ ಹುಡುಕಾಟ, ಗಾಳಿಗೆ ಅಡ್ಡಲಾಗಿ ಕೈಯಲ್ಲೇ ಜೋಡಿಸಿದ ಸಾಲುಗಳು, ಈ ಮೂರನ್ನೂ ಪಕ್ಕಪಕ್ಕ ಇಡಿ. ಗೆದ್ದ ಲೇಔಟನ್ನು ಹುಡುಕಾಟಕ್ಕೆ ಬಳಸದ ವರ್ಷದ ಗಾಳಿಯಲ್ಲಿ, ಪೈವೇಕ್ ಅಥವಾ ಫ್ಲೋರಿಸ್ ಎಂಬ ತಂತ್ರಾಂಶದ ಗಾಸಿಯನ್ (ವೇಕ್ ನಡುವೆ ಗಾಢ, ಅಂಚಿಗೆ ಕ್ರಮೇಣ ತೆಳು ಎನ್ನುವ) ಮಾದರಿಯಲ್ಲಿ ಇನ್ನೊಮ್ಮೆ ಅಳೆಯಿರಿ. ಎರಡೂ ಉಚಿತ, ಪೈಥಾನ್‌ನಲ್ಲೇ ಓಡುತ್ತವೆ.