ಬಣ್ಣದ ದೀಪಕ್ಕೆ ದುಡ್ಡು ಹಾಕಬೇಡಿ

ಪ್ರಶ್ನೆ: ಸರ್, 40 ಸಾವಿರ ಕೂಡಿಟ್ಟಿದ್ದೇನೆ, ಮಾನಿಟರ್ ಮನೆಯಲ್ಲಿದೆ. ಗೇಮಿಂಗ್ ಕಂಪ್ಯೂಟರ್‌ಗೆ ಯಾವ ಪಾರ್ಟ್ ತಗೊಳ್ಳಲಿ? ಅಂಗಡಿಯಲ್ಲಿ ಬರೀ ದೀಪ ಮಿನುಗುವ ಕ್ಯಾಬಿನೆಟ್ ತೋರಿಸುತ್ತಾರೆ.
– ಓದುಗ, ರಾಯಚೂರು

ಉತ್ತರ: ದೀಪದಿಂದ ಗೇಮ್ ಓಡಲ್ಲ, ಬಿಡಿ. ಇಷ್ಟರಲ್ಲೇ ಹೊಸ ಗ್ರಾಫಿಕ್ಸ್ ಕಾರ್ಡ್ ತುರುಕಲು ಹೋದರೆ ಉಳಿದದ್ದೆಲ್ಲ ಸೊರಗುತ್ತದೆ, ಅದಕ್ಕೇ ಸದ್ಯಕ್ಕೆ ರೈಜೆನ್ 5 5600ಜಿ ಪ್ರೊಸೆಸರ್ ತಗೊಳ್ಳಿ, ಅದರೊಳಗೇ ಗ್ರಾಫಿಕ್ಸ್ ಇದೆ, ವ್ಯಾಲೊರಂಟ್‌ನಂಥ ಹಗುರ ಗೇಮ್‌ಗೆ ಸಾಕು. 16 ಜಿಬಿಯ ಒಂದೇ ರ‍್ಯಾಮ್ ಬೇಡ, 8ರ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್ ಅದೇ ರ‍್ಯಾಮನ್ನು ಬಳಸುತ್ತದೆ, ಎರಡಿದ್ದರೆ ವೇಗ ಜಾಸ್ತಿ. ಪವರ್ ಸಪ್ಲೈಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ. 550 ವಾಟ್‌ನ, 80 ಪ್ಲಸ್ ಬ್ರಾಂಜ್ (ಕರೆಂಟ್ ಕಡಿಮೆ ಪೋಲಾಗುತ್ತದೆ ಎನ್ನುವ ಗುರುತು) ಇರುವುದನ್ನು ಹಾಕಿಸಿದರೆ ಮುಂದೆ ಸಾಧಾರಣ ಕಾರ್ಡ್ ಸೇರಿಸಬಹುದು. ಇನ್ನು ನಿಮ್ಮೂರ ಬೇಸಿಗೆ 40 ಡಿಗ್ರಿ ದಾಟುತ್ತದೆ ಅಲ್ವಾ, ಮುಂದೆ ಜಾಳಿಗೆ ಇರುವ ಕ್ಯಾಬಿನೆಟ್ಟೇ ಆರಿಸಿ. ಗಾಜಿನ ಮುಖದ್ದು ನೋಡೋಕೆ ಚೆಂದ, ಒಳಗೆ ಮಾತ್ರ ರೊಟ್ಟಿ ಹಂಚು.